ಹಿರಿಯರ ತಪಾಸಣಾ ಪ್ಯಾಕೇಜು: ಕಟ್ಟಿದ್ದು 4,200, ಉಪಯೋಗಕ್ಕೆ ಬಂದದ್ದು 600

ಮೈಸೂರಿನ ಖಾಸಗಿ ಆಸ್ಪತ್ರೆಯೊಂದು ಅರವತ್ತು ದಾಟಿದವರಿಗೆಂದು ನಡೆಸುವ ‘ಸಂಪೂರ್ಣ ಆರೋಗ್ಯ ತಪಾಸಣೆ’ಗೆ ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ 74, ಅಮ್ಮನಿಗೆ 68. ಒಬ್ಬರಿಗೆ 4,200 ರೂಪಾಯಿಯಂತೆ ಇಬ್ಬರಿಗೆ 8,400 ಆಯಿತು. ಅದರ ಜೊತೆಗೆ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ‘ಕಾರ್ಯಸಾಮರ್ಥ್ಯ ಪರೀಕ್ಷೆ’ ಎಂಬುದಕ್ಕೆ ತಲಾ 600 ರೂಪಾಯಿ ಕಟ್ಟುತ್ತೇನೆಂದಾಗ ಕೌಂಟರಿನಲ್ಲಿದ್ದ ಹುಡುಗಿ, “ಅದನ್ನ ಯಾರೂ ತಗೊಳಲ್ಲ ಸಾರ್, ಸುಮ್ನೆ ಕುರ್ಚಿಯಿಂದ ಎಬ್ಬಿಸಿ ಕೂರಿಸ್ತಾರೆ ಅಷ್ಟೇ” ಎಂದು ಪ್ರಾಮಾಣಿಕವಾಗಿಯೇ ಹೇಳಿದಳು. ಆದರೂ ಕಟ್ಟಿದೆ. ನಾಲ್ಕು ತಿಂಗಳು ಕಳೆದು, ಮರುಪರೀಕ್ಷೆಗಳೂ ಮುಗಿದಿರುವ ಈ ಹೊತ್ತಿನಲ್ಲಿ ಹೇಳಬಹುದಾದದ್ದು ಇಷ್ಟು: 8,400 ರೂಪಾಯಿಯ ಭಾಗದಿಂದ ನಮಗೆ ದೊರೆತದ್ದು ಇಪ್ಪತ್ತಾರು ಪುಟಗಳ ಕಡತ ಮತ್ತು ಅಪ್ಪನನ್ನು ಬೀಳಿಸಬಹುದಾಗಿದ್ದ ಒಂದು ಸಲಹೆ, ಆ ಸಲಹೆಯಿಂದ ನಮ್ಮನ್ನು ಉಳಿಸಿದ್ದು ಕುರ್ಚಿಯಿಂದ ಎಬ್ಬಿಸಿ ಕೂರಿಸಿದ ಪರೀಕ್ಷೆ.

ವ್ಯವಸ್ಥೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಫೋನಿನಲ್ಲಿ ದಿನ ಗೊತ್ತುಮಾಡುವುದು ಸುಲಭ, ಹಿಂದಿನ ದಿನ ನೆನಪಿಸುವ ಸಂದೇಶವೂ ಬರುತ್ತದೆ. ಆ ಸಂದೇಶದಲ್ಲಿ ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕೆಂದು ಇತ್ತೇ ಹೊರತು, ದಿನಾ ಬೆಳಗ್ಗೆ ನುಂಗುವ ಮಾತ್ರೆಗಳನ್ನು ಏನು ಮಾಡಬೇಕೆಂದು ಇರಲಿಲ್ಲ. ನಾನೇ ಫೋನು ಮಾಡಿ ಕೇಳಿದಾಗ ಆ ಕಡೆಯವರು, “ಯಾವ ಮಾತ್ರೆನೂ ಬೇಡ, ತಿಂಡಿ ಆದ್ಮೇಲೆ ತಗೊಳ್ಳಿ” ಎಂದರು. ಸಕ್ಕರೆ ಕಾಯಿಲೆಯ ಮಾತ್ರೆಯ ಮಟ್ಟಿಗೆ ಇದು ಸರಿಯಾದ ಮಾತು, ಏಕೆಂದರೆ ಊಟವಿಲ್ಲದೆ ಅದನ್ನು ನುಂಗಿದರೆ ಸಕ್ಕರೆ ಕುಸಿಯುವ ಅಪಾಯವಿದೆ. ಬಿಪಿ ಮಾತ್ರೆಯನ್ನಾದರೆ ಸಾಮಾನ್ಯವಾಗಿ ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಂಡೇ ಬರಲು ಹೇಳುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಈ ಸಣ್ಣ ಎಡವಟ್ಟಿನಿಂದ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಏಳೂವರೆಗೆ ಟೋಕನ್ ಸಿಕ್ಕಿತು, ಎಂಟರೊಳಗೆ ರಕ್ತ ತೆಗೆದದ್ದಾಯಿತು. ರಕ್ತ ತೆಗೆದ ಹುಡುಗನ ಕೈ ಬಹಳ ಹಗುರ. ಅಮ್ಮನ ನರ ಸಿಗುವುದು ಕಷ್ಟ, ಆದರೆ ಅವನು ಒಂದೇ ಸಲಕ್ಕೆ ಮುಗಿಸಿದ. ತೊಂದರೆ ಶುರುವಾದದ್ದು ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ. ಮೂತ್ರಕೋಶ ತುಂಬಿರಬೇಕೆಂದು ಅಪ್ಪನಿಗೆ ಒಂದು ಲೀಟರಿನಷ್ಟು ನೀರು ಕುಡಿಸಿ, ಆಮೇಲೆ ತುರ್ತು ರೋಗಿಯೊಬ್ಬರು ಬಂದರೆಂದು ಐವತ್ತು ನಿಮಿಷ ಕೂರಿಸಿದರು. ಪ್ರಾಸ್ಟೇಟ್ ದೊಡ್ಡದಾಗಿರುವ ಎಪ್ಪತ್ತನಾಲ್ಕರ ಗಂಡಸಿಗೆ ಅದು ಎಂಥ ಹಿಂಸೆಯೆಂದು ವಿವರಿಸಬೇಕಾಗಿಲ್ಲ. ಹಿರಿಯರಿಗೆಂದೇ ರೂಪಿಸಿದ ಸೇವೆಯಲ್ಲಿ ಕಣ್ಣಿನ ವಿಭಾಗ ಎರಡನೆಯ ಮಹಡಿಯಲ್ಲಿದ್ದು, ಲಿಫ್ಟನ್ನು ಸ್ಟ್ರೆಚರುಗಳಿಗಷ್ಟೇ ಮೀಸಲಿಟ್ಟಿದ್ದದ್ದು ಇನ್ನೊಂದು ವಿಚಿತ್ರ. ಪ್ಯಾಕೇಜಿನಲ್ಲೇ ಸೇರಿದ್ದ ತಿಂಡಿಯ ಕೂಪನ್ನಿಗೆ ಕ್ಯಾಂಟೀನಿನವರು ಕೊಟ್ಟದ್ದು ಎರಡು ಇಡ್ಲಿ, ಒಂದು ವಡೆ, ಒಂದು ಬಟ್ಟಲು ಕೇಸರಿಬಾತು, ಸಕ್ಕರೆ ಹಾಕಿದ ಕಾಫಿ. ಹದಿನೆಂಟು ವರ್ಷಗಳಿಂದ ಮಧುಮೇಹಿಯಾಗಿರುವ ಅಪ್ಪ ಕೇಸರಿಬಾತನ್ನು ನೋಡಿ, ಆಸ್ಪತ್ರೆಯೇ ಕೊಟ್ಟ ಮೇಲೆ ಬೇಡವೆನ್ನಬಾರದೆಂದು ಒಂದು ಚಮಚವನ್ನೂ ಬಿಡದೆ ತಿಂದರು.

ಪ್ಯಾಕೇಜಿನ ಪಟ್ಟಿ ಉದ್ದವಾಗಿದೆ: ರಕ್ತಕಣಗಳ ಎಣಿಕೆ, ಸಕ್ಕರೆ, ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಯಕೃತ್ತು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯೇಟಿನಿನ್, ಥೈರಾಯ್ಡ್, ಡಿ ವಿಟಮಿನ್, ಇಸಿಜಿ, ಎಕೊ, ಎದೆಯ ಎಕ್ಸ್‌ರೇ. ಇವುಗಳ ಮೇಲೆ ನನಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಪಟ್ಟಿ ತಯಾರಿಸಿದವರ ಆಯ್ಕೆಯ ಮೇಲೆ. ಯಾವ ತೊಂದರೆಯೂ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಸಲ್ಲದೆಂದು ವೈದ್ಯಶಾಸ್ತ್ರವೇ ಹೇಳುವ ಸಿಇಎ ಎಂಬ ರಕ್ತಪರೀಕ್ಷೆ ಅದರಲ್ಲಿದೆ. ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಕಡಿಮೆಯಾಗುವ ಬಿ12 ವಿಟಮಿನ್ನಿನ ಪರೀಕ್ಷೆ ಇಲ್ಲ. ಮೂಳೆ ಸವೆತವನ್ನು ಖಚಿತವಾಗಿ ಹೇಳಬೇಕಾದರೆ ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ ಬೇಕು; ಇಲ್ಲಿ ಹಿಮ್ಮಡಿಯನ್ನು ಪುಟ್ಟ ಯಂತ್ರದ ಮೇಲಿಡಿಸಿ ‘ಮೂಳೆಯ ಸಾಂದ್ರತೆ’ ಎಂದು ಬರೆದುಕೊಡುತ್ತಾರೆ. ಕಿವಿಯ ಪರೀಕ್ಷೆ ಇಲ್ಲವೇ ಇಲ್ಲ. ಪರೀಕ್ಷೆಗಳ ಸಂಖ್ಯೆ ಹೆಚ್ಚು ಕಂಡಷ್ಟೂ ಪ್ಯಾಕೇಜು ಮಾರಾಟವಾಗುತ್ತದೆ ಎಂಬ ವ್ಯಾಪಾರದ ಸೂತ್ರವೇ ಇದನ್ನು ರೂಪಿಸಿದಂತೆ ಕಾಣುತ್ತದೆ.

ಹನ್ನೊಂದಕ್ಕೆ ವೈದ್ಯರ ಭೇಟಿ. ನಾನು ಗಡಿಯಾರ ನೋಡಿಕೊಂಡಿದ್ದೆ, ಇಬ್ಬರಿಗೂ ಸೇರಿ ಹದಿನಾಲ್ಕು ನಿಮಿಷ. ಬೆಳಗ್ಗೆ ನರ್ಸ್ ಬರೆದುಕೊಂಡಿದ್ದ ಅಪ್ಪನ ಬಿಪಿ 164/78 ಎಂಬುದನ್ನು ನೋಡಿ ಆ ಯುವ ವೈದ್ಯರು, “ಮಾತ್ರೆ ಸಾಕಾಗ್ತಿಲ್ಲ, ಡೋಸ್ ಹೆಚ್ಚು ಮಾಡೋಣ” ಎಂದು ಚೀಟಿ ಬರೆದರು. ಅಪ್ಪ ಅಂದು ಬೆಳಗ್ಗೆ ಬಿಪಿ ಮಾತ್ರೆಯನ್ನೇ ನುಂಗಿರಲಿಲ್ಲ, ಅದೂ ಆಸ್ಪತ್ರೆಯವರೇ ಬೇಡವೆಂದಿದ್ದರಿಂದ. ಇದನ್ನು ನಾನು ಹೇಳಿದೆ. ಆದರೂ ಚೀಟಿ ಬದಲಾಗಲಿಲ್ಲ. ಎಚ್‌ಬಿಎ1ಸಿ 6.4 ಬಂದಿದೆ, ಹದಿನೆಂಟು ವರ್ಷದ ಕಾಯಿಲೆಗೆ ಇದು ಬಹಳ ಒಳ್ಳೆಯ ಹತೋಟಿ ಎಂದು ಬೆನ್ನು ತಟ್ಟಿದರು. ನಿವೃತ್ತ ಹೈಸ್ಕೂಲು ಮೇಷ್ಟ್ರಾದ ಅಪ್ಪನಿಗೆ ಅಂಕಗಳೆಂದರೆ ಪ್ರೀತಿ, ಮುಖ ಅರಳಿತು. ಅಮ್ಮನ ವರದಿಯಲ್ಲಿ ಕೆಂಪು ಗುರುತು ಇದ್ದದ್ದು ಡಿ ವಿಟಮಿನ್ ಒಂದಕ್ಕೆ ಮಾತ್ರ. “ಅಮ್ಮ, ನೀವು ಆರಾಮಾಗಿದ್ದೀರಿ” ಎಂದರು. ಬಿದ್ದಿದ್ದೀರಾ, ನಿದ್ದೆ ಹೇಗೆ ಬರುತ್ತದೆ, ಏನೇನು ಮಾತ್ರೆ ನುಂಗುತ್ತೀರಿ, ಊಟಕ್ಕೆ ಏನಿರುತ್ತದೆ ಎಂಬ ಒಂದು ಪ್ರಶ್ನೆಯೂ ಇಲ್ಲ.

ಆರುನೂರು ರೂಪಾಯಿಯ ಪರೀಕ್ಷೆ ನಡೆಯುವುದು ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯ ಪಕ್ಕದಲ್ಲಿ. ಅಲ್ಲಿ ಯಂತ್ರಗಳಿಲ್ಲ. ಕೈಯಿಲ್ಲದ ಒಂದು ಮರದ ಕುರ್ಚಿ, ಕೈಯಿರುವ ಇನ್ನೊಂದು, ನೆಲದ ಮೇಲೆ ಮೂರು ಮೀಟರು ಅಂತರದಲ್ಲಿ ಅಂಟಿಸಿದ ಎರಡು ಹಳದಿ ಪಟ್ಟಿ, ಒಂದು ಸ್ಟಾಪ್‌ವಾಚು, ಕೈಹಿಡಿತ ಅಳೆಯುವ ಉಪಕರಣ, ಬಿಪಿ ನೋಡುವ ಮಿಷನ್ನು. ಸುಮಾರು ಮೂವತ್ತರ ಫಿಸಿಯೋಥೆರಪಿಸ್ಟ್ ಒಬ್ಬರು ಇದ್ದರು. ಬೆಳಗ್ಗಿನಿಂದ ಎಲ್ಲರೂ ‘ತಾತ, ಇಲ್ ಬನ್ನಿ’, ‘ತಾತ, ಅಂಗಿ ಬಿಚ್ಚಿ’ ಎನ್ನುತ್ತಿದ್ದುದರಿಂದ ಮುಖ ಗಂಟಿಕ್ಕಿಕೊಂಡಿದ್ದ ಅಪ್ಪನನ್ನು ಆಕೆ, ಏನು ಕೆಲಸದಲ್ಲಿದ್ದಿರಿ ಎಂದು ಮೊದಲು ಕೇಳಿಕೊಂಡು, ಅಲ್ಲಿಂದಾಚೆಗೆ ‘ಮೇಷ್ಟ್ರೇ’ ಎಂದೇ ಮಾತಾಡಿಸಿದರು.

“ಮೇಷ್ಟ್ರೇ, ಈ ಒಂದು ವರ್ಷದಲ್ಲಿ ಎಲ್ಲಾದರೂ ಬಿದ್ರಾ?”

“ಇಲ್ಲಮ್ಮ. ಬಿದ್ದಿಲ್ಲ. ಎರಡು ಸಲ ಬಚ್ಚಲಲ್ಲಿ ಕೂತುಬಿಟ್ಟೆ.”

ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿ ಎರಡರ ಹೊತ್ತಿಗೆ ಮೂತ್ರಕ್ಕೆ ಎದ್ದು ಹೋದಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡು ಹಾಗೇ ಜಾರಿ ಕೂತದ್ದನ್ನು ಅವರು ನಮ್ಮ ಯಾರಿಗೂ ಹೇಳಿರಲಿಲ್ಲ. ‘ಕೂತುಬಿಟ್ಟೆ’ ಎಂಬ ಆ ಮಾತಿಗೆ ಯಾವ ರಕ್ತಪರೀಕ್ಷೆಯಲ್ಲೂ ಕೆಂಪು ಗುರುತು ಬೀಳುವುದಿಲ್ಲ. ಫಿಸಿಯೋಥೆರಪಿಸ್ಟ್ ಅದನ್ನು ಬರೆದುಕೊಂಡು, ಅಪ್ಪನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, ಆಮೇಲೆ ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿದರು. ತಿಂಡಿಯಾದ ಮೇಲೆ ಅಪ್ಪ ಎಂದಿನ ಮಾತ್ರೆ ನುಂಗಿದ್ದರು. ಮಲಗಿದಾಗ 142/76 ಇದ್ದದ್ದು ನಿಂತಾಗ 116/68ಕ್ಕೆ ಇಳಿಯಿತು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಕುಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಲ್ಲಿ ಕುಸಿದದ್ದು 26. ಮೇಲಿನ ಮಹಡಿಯಲ್ಲಿ ಡೋಸ್ ಹೆಚ್ಚಿಸಲು ಬರೆದ ಚೀಟಿ ನನ್ನ ಜೇಬಿನಲ್ಲೇ ಇತ್ತು. ಅದರಂತೆ ನಡೆದಿದ್ದರೆ ಮೂರನೆಯ ಸಲ ಅಪ್ಪ ಕೂತುಬಿಡುತ್ತಿರಲಿಲ್ಲ, ಬೀಳುತ್ತಿದ್ದರು.

ಉಳಿದ ಪರೀಕ್ಷೆಗಳು ನೋಡಲು ಮಕ್ಕಳಾಟದಂತಿವೆ. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಅರ್ಥ. ಅಪ್ಪನಿಗೆ ಹದಿನಾರು ಹಿಡಿಯಿತು. ಕೈಹಿಡಿತ 22 ಕೆಜಿ. ಏಷ್ಯಾದವರಿಗೆಂದು 2019ರಲ್ಲಿ ತಜ್ಞರ ಗುಂಪೊಂದು ಪರಿಷ್ಕರಿಸಿದ ಮಾನದಂಡದಂತೆ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆಯಿದ್ದರೆ ಸ್ನಾಯುಗಳು ಬಲ ಕಳೆದುಕೊಂಡಿವೆ ಎಂದು. ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರುವುದು ಅಪ್ಪನಿಂದ ಆಗಲೇ ಇಲ್ಲ, ಮೂರನೆಯದಕ್ಕೆ ಕೈ ತಾನಾಗಿ ಮಂಡಿಗೆ ಹೋಯಿತು. ಕಾಯುತ್ತ ಕೂತಿದ್ದ ನಾನೂ ಹುಡುಗಾಟಕ್ಕೆ ಮಾಡಿ ನೋಡಿದೆ. ಹನ್ನೆರಡು ಸೆಕೆಂಡಿನ ಒಳಗೆ ಮುಗಿಸಬೇಕಾದದ್ದಕ್ಕೆ ನಾಲ್ವತ್ತೇಳರ ನಾನು ತೆಗೆದುಕೊಂಡದ್ದು ಹದಿಮೂರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನ ಬಂಡವಾಳ ಅಷ್ಟೇ.

ಆಮೇಲೆ ಆಕೆ ಹಿರಿಯರ ವಿಭಾಗದ ವೈದ್ಯರನ್ನು ಕೆಳಗೇ ಕರೆಸಿದರು. ಅವರು ಮೊದಲು ಕೇಳಿದ್ದು ಮಾತ್ರೆಗಳನ್ನು. ಪುಣ್ಯಕ್ಕೆ ಅಮ್ಮ ಸೀರೆ ಅಂಗಡಿಯ ಒಂದು ಕವರಿನಲ್ಲಿ ಮನೆಯಲ್ಲಿದ್ದ ಎಲ್ಲ ಸ್ಟ್ರಿಪ್ಪುಗಳನ್ನೂ ತುರುಕಿಕೊಂಡು ಬಂದಿದ್ದರು. ಮೇಜಿನ ಮೇಲೆ ಸುರಿದಾಗ ಅಪ್ಪನದ್ದೇ ಹನ್ನೊಂದು ಬಗೆಯ ಮಾತ್ರೆ. ಸಕ್ಕರೆಗೆ ಒಬ್ಬರು, ಹೃದಯಕ್ಕೆ ಒಬ್ಬರು, ಮೂತ್ರದ ತೊಂದರೆಗೆ ಒಬ್ಬರು ಹೀಗೆ ಮೂರು ವೈದ್ಯರು ಬೇರೆ ಬೇರೆ ವರ್ಷಗಳಲ್ಲಿ ಬರೆದವು. ಹೊಟ್ಟೆಯುರಿಯ ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುತ್ತಿತ್ತು. ಪ್ರಾಸ್ಟೇಟಿಗೆ ಕೊಟ್ಟ ಮಾತ್ರೆಯೂ ನಿಂತಾಗ ಬಿಪಿ ಇಳಿಸುವ ಜಾತಿಯದು. ಬಹುಕಾಲದ ಮಧುಮೇಹದಿಂದ ರಕ್ತದೊತ್ತಡವನ್ನು ಸರಿದೂಗಿಸುವ ನರಗಳೂ ಮಂದವಾಗಿರುತ್ತವೆ. ಅದರ ಮೇಲೆ ಬಿಪಿ ಮಾತ್ರೆ. ಮೂರೂ ಸೇರಿದ ಫಲ ರಾತ್ರಿಯ ಬಚ್ಚಲಿನಲ್ಲಿ ಕಾಣಿಸಿಕೊಂಡಿತ್ತು. ಮೇಲಿನ ವೈದ್ಯರು ಬೆನ್ನು ತಟ್ಟಿದ 6.4ರ ಬಗ್ಗೆ ಇವರು ಹೇಳಿದ್ದೇ ಬೇರೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವ, ಬೀಳುವ ಸಂಭವವಿರುವ, ಎಪ್ಪತ್ತು ದಾಟಿದವರಲ್ಲಿ ಎಚ್‌ಬಿಎ1ಸಿಯನ್ನು ಅಷ್ಟು ಕೆಳಗಿಡಲು ಹೋದರೆ ಸಕ್ಕರೆ ಯಾವ ಹೊತ್ತಿನಲ್ಲಿ ಕುಸಿಯುತ್ತದೆಂದು ಹೇಳಲಾಗದು. ಇವರ ಸ್ಥಿತಿಗೆ ಏಳೂವರೆಯ ಆಸುಪಾಸು ಇದ್ದರೆ ಸಾಕು ಎಂದರು. ಬೆಳಗಿನ ಜಾವ ಬೆವರಿ ಎಚ್ಚರವಾಗುವುದುಂಟೇ ಎಂದು ಕೇಳಿದ್ದಕ್ಕೆ ಅಪ್ಪ, “ಸೆಕೆ ಅಂದ್ಕೊಂಡಿದ್ದೆ” ಎಂದರು. ಡಿಸೆಂಬರಿನ ಮೈಸೂರಿನಲ್ಲಿ ಎಂಥ ಸೆಕೆಯೋ!

ಮಹಡಿಯ ಮೇಲಿನ ತಪಾಸಣೆಗೂ ನೆಲಮಾಳಿಗೆಯ ತಪಾಸಣೆಗೂ ಇರುವ ಈ ಅಂತರ ಒಬ್ಬ ವೈದ್ಯರ ಅವಸರದಿಂದ ಮಾತ್ರ ಉಂಟಾದದ್ದೆಂದು ನನಗೆ ಅನ್ನಿಸುವುದಿಲ್ಲ. ಮುಪ್ಪನ್ನು ನೋಡುವ ಬಗೆಯೇ ಎರಡು ಇವೆ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವರದಿಯಲ್ಲಿ ಆರೋಗ್ಯಕರ ಮುಪ್ಪನ್ನು ಕಾಯಿಲೆಯೇ ಇಲ್ಲದಿರುವುದೆಂದು ಹೇಳಲಿಲ್ಲ. ತನಗೆ ಬೇಕಾದ ಹಾಗೆ ಬದುಕಲು ಅಗತ್ಯವಾದ ಕಾರ್ಯಸಾಮರ್ಥ್ಯವನ್ನು ಬೆಳೆಸಿಕೊಂಡು ಉಳಿಸಿಕೊಳ್ಳುವ ಪ್ರಕ್ರಿಯೆ ಎಂದಿತು. ವಿಶ್ವಸಂಸ್ಥೆ 2021ರಿಂದ 2030ರ ವರೆಗಿನ ಅವಧಿಯನ್ನು ಆರೋಗ್ಯಕರ ಮುಪ್ಪಿನ ದಶಕವೆಂದು ಘೋಷಿಸಿರುವುದೂ ಈ ಅರ್ಥದಲ್ಲಿಯೇ. ನಮ್ಮ ದೇಶಕ್ಕೆ ಈ ವ್ಯಾಖ್ಯೆ ಇನ್ನೂ ಹೆಚ್ಚು ಹೊಂದುತ್ತದೆ, ಏಕೆಂದರೆ ಕಾಯಿಲೆಯಿಲ್ಲದ ಮುಪ್ಪು ನಮ್ಮಲ್ಲಿ ಅಪರೂಪ. 2017–18ರಲ್ಲಿ ನಲವತ್ತೈದು ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ನಡೆಸಿದ, ಭಾರತೀಯರ ಮುಪ್ಪನ್ನು ಕುರಿತ ಲಾಸಿ ಎಂಬ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆಯಿದೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ನಾಲ್ವರಲ್ಲಿ ಮೂವರಿಗೆ ಇದ್ದೇ ಇರುವ ಕಾಯಿಲೆಯನ್ನು ಮತ್ತೆ ಮತ್ತೆ ಕಂಡುಹಿಡಿದು ಕೆಂಪು ಗುರುತು ಹಾಕುವುದರಿಂದ ಆಗುವ ಲಾಭ ಸ್ವಲ್ಪ. ಆ ಕಾಯಿಲೆಯ ನಡುವೆಯೂ ಮನುಷ್ಯ ರಾತ್ರಿ ಒಬ್ಬನೇ ಎದ್ದು ಬಚ್ಚಲಿಗೆ ಹೋಗಿ ಬರಬಲ್ಲನೇ ಎಂಬುದು ತಿಳಿಯಬೇಕಾದ ಸಂಗತಿ.

ಮುಪ್ಪಿಗೂ ಈ ಕಾಯಿಲೆಗಳಿಗೂ ಇರುವ ನಂಟು ಒಂದೇ ದಿಕ್ಕಿನದಲ್ಲ ಎಂಬುದನ್ನು ಹಿರಿಯರ ವಿಭಾಗದ ವೈದ್ಯರು ಅಪ್ಪನ ತೊಡೆಯನ್ನೇ ತೋರಿಸಿ ವಿವರಿಸಿದರು. ಊಟದ ಬಳಿಕ ರಕ್ತಕ್ಕೆ ಬರುವ ಸಕ್ಕರೆಯ ಹೆಚ್ಚಿನ ಪಾಲನ್ನು ಹೀರಿಕೊಳ್ಳಬೇಕಾದವು ಸ್ನಾಯುಗಳು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಕರಗಿದಷ್ಟೂ ಸಕ್ಕರೆಗೆ ಹೋಗಲು ಜಾಗ ಕಡಿಮೆಯಾಗುತ್ತದೆ, ಸಕ್ಕರೆ ಹೆಚ್ಚಿದಷ್ಟೂ ಸ್ನಾಯು ಇನ್ನಷ್ಟು ಬೇಗ ಕರಗುತ್ತದೆ. ರಕ್ತನಾಳಗಳ ಕಥೆಯೂ ಹಾಗೆಯೇ. ವಯಸ್ಸಿನೊಂದಿಗೆ ಅವು ಬಿರುಸಾಗುವುದರಿಂದ ಬಿಪಿಯ ಮೇಲಿನ ಅಂಕಿ ಏರುತ್ತ, ಕೆಳಗಿನದು ಇಳಿಯುತ್ತ ಹೋಗುತ್ತದೆ. ಏರಿದ ಒತ್ತಡ ನಾಳಗಳನ್ನು ಮತ್ತಷ್ಟು ಬಿರುಸುಗೊಳಿಸಿ ಮೂತ್ರಪಿಂಡವನ್ನೂ ಮಿದುಳನ್ನೂ ಸವೆಸುತ್ತದೆ. ಯಾವುದು ಮುಪ್ಪು, ಯಾವುದು ಕಾಯಿಲೆ ಎಂದು ಗೆರೆ ಎಳೆಯುವುದು ಕಷ್ಟ.

ಈ ನಂಟು ಅರವತ್ತಕ್ಕೆ ಶುರುವಾಗುವುದೂ ಅಲ್ಲ. ಈ ಮಾತಿಗೆ ಜಗತ್ತಿನ ವೈದ್ಯಲೋಕಕ್ಕೆ ಪುರಾವೆ ಒದಗಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು ಎಂಬುದು ಇಲ್ಲಿಯವರಿಗೇ ಅಷ್ಟಾಗಿ ತಿಳಿಯದು. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ದಾಖಲೆಗಳಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಕಡಿಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದ್ರೋಗವಿದ್ದರೆ, 3.1 ಕೆಜಿಗಿಂತ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ ಮೂರು. ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ, ಮನೆಯ ನಡುಕೋಣೆಯಲ್ಲಿ ಹುಟ್ಟಿದವರು. ಅವರನ್ನು ತೂಗಿದವರು ಯಾರೂ ಇಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ಮುಪ್ಪಿನ ಅಧ್ಯಯನವೂ ಜನರನ್ನು ಸೇರಿಸಿಕೊಳ್ಳುವುದು ನಲವತ್ತೈದರಿಂದ. ನನ್ನ ಹದಿಮೂರು ಸೆಕೆಂಡು ನನಗೆ ಆಗ ನೆನಪಾಯಿತು.

ಅಮ್ಮನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಆರಾಮಾಗಿದ್ದೀರಿ’ ಎಂಬ ಮಾತು ಸುಳ್ಳಾದದ್ದು ಇಲ್ಲಿ. ವರದಿಯಲ್ಲಿ ಅವರ ಕ್ರಿಯೇಟಿನಿನ್ 1.1 ಇತ್ತು, ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ಸಾಮಾನ್ಯ ಮಿತಿಯೊಳಗೇ ಇದ್ದುದರಿಂದ ಗುರುತು ಬಿದ್ದಿರಲಿಲ್ಲ. ಆದರೆ ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕಡಿಮೆಯಿರುವ ವಯಸ್ಸಾದ ಹೆಂಗಸಿನಲ್ಲಿ ಅದೇ ಅಂಕಿ ಬೇರೆಯದನ್ನೇ ಹೇಳುತ್ತದೆ. ನೆಲಮಾಳಿಗೆಯ ವೈದ್ಯರು ವಯಸ್ಸನ್ನೂ ಲಿಂಗವನ್ನೂ ಸೇರಿಸಿ ಮೊಬೈಲಿನಲ್ಲೇ ಲೆಕ್ಕ ಹಾಕಿದರು. ಮೂತ್ರಪಿಂಡ ರಕ್ತವನ್ನು ಸೋಸುವ ವೇಗವನ್ನು ಹೇಳುವ ಇಜಿಎಫ್‌ಆರ್ 55 ಬಂತು. ಅದು 60ಕ್ಕಿಂತ ಮೇಲಿರಬೇಕು. “ಮಂಡಿ ನೋವಿಗೆ ಏನು ತಗೋತೀರಮ್ಮ?” ಎಂದು ಕೇಳಿದರು. ಅಮ್ಮ ಸೆರಗಿನ ಗಂಟಿನಿಂದ ನಾಲ್ಕು ಬಿಳಿ ಮಾತ್ರೆಯ ಒಂದು ತುಂಡು ಸ್ಟ್ರಿಪ್ಪನ್ನು ತೆಗೆದರು. ಅದು ಸೀರೆ ಅಂಗಡಿಯ ಕವರಿಗೆ ಸೇರಿರಲಿಲ್ಲ, ಏಕೆಂದರೆ ಅಮ್ಮನ ಪ್ರಕಾರ ಅದು ಔಷಧಿಯಲ್ಲ, ‘ನೋವಿನ ಮಾತ್ರೆ’. ಬೀದಿಯ ಕೊನೆಯ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದು, ಎರಡು ವರ್ಷಗಳಿಂದ ದಿನಕ್ಕೊಂದು ನುಂಗುತ್ತಿದ್ದರಂತೆ. ಮೂತ್ರಪಿಂಡಕ್ಕೆ ಹೊರೆಯಾಗುವ ಬಗೆಯ ಔಷಧ ಅದು. ನಿಲ್ಲಿಸಲು ಹೇಳಿ, ತೊಡೆಯ ಸ್ನಾಯುವಿಗೆ ವ್ಯಾಯಾಮ ಕಲಿಸಿ, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ, ಮೂರು ತಿಂಗಳ ಬಳಿಕ ಮತ್ತೆ ನೋಡೋಣ ಎಂದರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೇ ಇದ್ದರೆ ಮಾತ್ರ ಅದನ್ನು ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಎನ್ನುತ್ತಾರಂತೆ.

ಕಿವಿಯ ಮಾತನ್ನೂ ಎತ್ತಿದವರು ಆ ವೈದ್ಯರೇ. ಅಪ್ಪನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದ ನಾಲ್ಕು ಪದಗಳಲ್ಲಿ ಅಪ್ಪ ಹಿಡಿದದ್ದು ಒಂದನ್ನು ಮಾತ್ರ. ಟಿವಿಯ ಶಬ್ದ ಏರುತ್ತಿರುವುದನ್ನು ಮನೆಯಲ್ಲಿ ನಾವು ಹಠವೆಂದುಕೊಂಡಿದ್ದೆವು. ಮರೆವಿನ ಕಾಯಿಲೆಗೆ ಕಾರಣವಾಗಬಲ್ಲ, ಆದರೆ ತಿದ್ದಿಕೊಳ್ಳಬಹುದಾದ ಹದಿನಾಲ್ಕು ಅಂಶಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿದೆ. ಕಿವಿ ಮಂದವಾಗುವುದು, ಮಧುಮೇಹ, ರಕ್ತದೊತ್ತಡ, ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಅದರಲ್ಲಿವೆ. ಎಕೊ, ಎಕ್ಸ್‌ರೇ ಎಲ್ಲ ಇರುವ 4,200 ರೂಪಾಯಿಯ ಪಟ್ಟಿಯಲ್ಲಿ ಕಿವಿಗೆ ಜಾಗವಿಲ್ಲದಿರುವುದು ನನಗೆ ಇನ್ನೂ ಅರ್ಥವಾಗಿಲ್ಲ.

ವರದಿಯ ಬಗ್ಗೆಯೂ ಎರಡು ಮಾತು. ಇಪ್ಪತ್ತಾರು ಪುಟ, ನುಣುಪು ಕಾಗದ, ಹೃದಯದ ಬಣ್ಣದ ಚಿತ್ರ, ಪೂರ್ತಿ ಇಂಗ್ಲಿಷು. ಕನ್ನಡವಷ್ಟೇ ಓದುವ ಅಮ್ಮ ಅದರಲ್ಲಿ ತನ್ನ ಹೆಸರನ್ನೂ ಗುರುತಿಸಲಾರರು. ಅದು ಕೈಸೇರಿದ ವಾರದಲ್ಲೇ ಮಂಡಿ ಶಸ್ತ್ರಚಿಕಿತ್ಸೆಯ ‘ವಿಶೇಷ ರಿಯಾಯಿತಿ’ ಹೇಳಲು ಆಸ್ಪತ್ರೆಯಿಂದ ಮೂರು ಸಲ ಫೋನು ಬಂತು. ಮಂಡಿ ನೋವಿನ ಮಾತು ಮಾರಾಟ ವಿಭಾಗಕ್ಕೆ ಹೇಗೆ ಹೋಯಿತೆಂದು ಕೇಳಿದರೆ ಆ ಕಡೆಯಿಂದ ಉತ್ತರವಿಲ್ಲ. ನೆಲಮಾಳಿಗೆಯಿಂದ ಬಂದದ್ದು ಒಂದೇ ಹಾಳೆ, ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದದ್ದು. ‘ಹಾಸಿಗೆಯಿಂದ ಏಳುವಾಗ ಮೊದಲು ಕೂತು ಇಪ್ಪತ್ತು ಎಣಿಸಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇರಲಿ. ದಿನಕ್ಕೆ ಎರಡು ಹೊತ್ತು, ಹತ್ತು ಸಲ ಕುರ್ಚಿಯಿಂದ ಏಳಿ. ದಿನಾ ಒಂದು ಹಿಡಿ ಹೆಸರುಕಾಳು ಅಥವಾ ಕಡಲೆಕಾಳಿನ ಉಸಲಿ. ಸಾರನ್ನದ ಜೊತೆ ಪಲ್ಯ ಮಾತ್ರ ಸಾಲದು.’ ಆ ಹಾಳೆ ಈಗಲೂ ಫ್ರಿಜ್ಜಿನ ಬಾಗಿಲಿನ ಮೇಲಿದೆ, ಒಂದು ಮೂಲೆಗೆ ಅರಿಸಿನದ ಕಲೆ ಹತ್ತಿದೆ. ಆ ಇಪ್ಪತ್ತಾರು ಪುಟ ಎಲ್ಲಿವೆಯೆಂದು ಹುಡುಕಬೇಕು.

ಉಸಲಿಯ ಹಿಂದೆ ಒಂದು ಲೆಕ್ಕವಿದೆ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕೆಜಿಗೆ ಒಂದರಿಂದ ಒಂದೂಕಾಲು ಗ್ರಾಮಿನಷ್ಟು ಪ್ರೋಟೀನು ಬೇಕು. 58 ಕೆಜಿ ತೂಗುವ ಅಪ್ಪನಿಗೆ ಅರವತ್ತು ಗ್ರಾಮಿನ ಆಸುಪಾಸು. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅದೇ ಎಂಬ ನಮ್ಮ ಕಡೆಯ ಮುದುಕರ ಊಟದಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಹಲ್ಲಿಲ್ಲ, ಹಸಿವಿಲ್ಲ ಎಂದು ಊಟ ತೆಳುವಾಗುತ್ತ ಹೋಗುತ್ತದೆ. ‘ವಯಸ್ಸಾಯ್ತು, ಹಗುರವಾಗಿ ತಿನ್ನಿ’ ಎಂದು ನಾವೂ ಅದಕ್ಕೆ ಒತ್ತಾಸೆಯಾಗುತ್ತೇವೆ. ಒಂದು ಹಿಡಿ, ಎಂದರೆ ಮೂವತ್ತು ಗ್ರಾಮಿನಷ್ಟು ಹೆಸರುಕಾಳಿನಲ್ಲಿ ಏಳು ಗ್ರಾಮಿನಷ್ಟು ಪ್ರೋಟೀನಿದೆ. ಅಮ್ಮನಿಗೆ ಮಾತ್ರ ಮೂತ್ರಪಿಂಡದ ಮರುಪರೀಕ್ಷೆಯಾಗುವವರೆಗೆ ಇದ್ದಷ್ಟೇ ಇರಲಿ ಎಂದಿದ್ದರು.

ಮೂರು ತಿಂಗಳ ಬಳಿಕ ನೆಲಮಾಳಿಗೆಗಷ್ಟೇ ಹೋಗಿಬಂದೆವು. ಪ್ರಾಸ್ಟೇಟಿನ ಮಾತ್ರೆಯನ್ನು ಬದಲಿಸಿ, ಗ್ಲಿಮೆಪಿರೈಡ್ ಅರ್ಧಕ್ಕಿಳಿಸಿ, ಒಟ್ಟು ಮಾತ್ರೆಗಳನ್ನು ಹನ್ನೊಂದರಿಂದ ಏಳಕ್ಕೆ ತಂದ ಮೇಲೆ, ಅಪ್ಪ ನಿಂತಾಗ ಬಿಪಿ ಕುಸಿಯುವುದು 26ರಿಂದ 12ಕ್ಕೆ ಬಂದಿತ್ತು. ನಡೆದು ಬಂದು ಕೂರಲು ಹದಿನಾರರ ಬದಲು ಹದಿಮೂರು ಸೆಕೆಂಡು. ಕೈಹಿಡಿತ 22ರಿಂದ 23 ಆಗಿದೆ, ಅಷ್ಟೇ. ಅದು ನಿಧಾನದ ಕೆಲಸವಂತೆ. ಎಚ್‌ಬಿಎ1ಸಿ 7.2, ಅದನ್ನು ನೋಡಿ ಅಪ್ಪ ಅಂಕ ಕಡಿಮೆಯಾಯಿತೆಂದು ಸ್ವಲ್ಪ ಕೊರಗಿದರು. ನಾವೇ ಕೇಳಿ ಮಾಡಿಸಿದ ಬಿ12 ಕಡಿಮೆಯಿತ್ತು, ಅದಕ್ಕೆ ಮಾತ್ರೆ ಸೇರಿದೆ. ಅಮ್ಮನ ಇಜಿಎಫ್‌ಆರ್ 61. ಮಂಡಿ ನೋವು ಹೋಗಿಲ್ಲ; ಮಾತ್ರೆಯಿಲ್ಲದೆ ಮೆಟ್ಟಿಲು ಹತ್ತುತ್ತಾರೆ, ಇಳಿಯುವಾಗ ಗೊಣಗುತ್ತಾರೆ. ಕಿವಿಯ ಯಂತ್ರವನ್ನು ಅಪ್ಪ ಇನ್ನೂ ಒಪ್ಪಿಲ್ಲ.

ಹೋಗಬೇಕೆನ್ನುವವರಿಗೆ ಕೆಲವು ವ್ಯವಹಾರದ ಮಾತು. ಮೂವತ್ತು ದಾಟಿದ ಯಾರಿಗಾದರೂ ಬಿಪಿ, ಸಕ್ಕರೆ ಪರೀಕ್ಷೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಹಿರಿಯರ ಆರೋಗ್ಯಕ್ಕೆಂದು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಹಿರಿಯರ ವಿಭಾಗಗಳ ಏರ್ಪಾಡೂ ಇದೆ, ಮೊದಲು ಅಲ್ಲಿ ವಿಚಾರಿಸಬಹುದು. ಖಾಸಗಿಗೇ ಹೋಗುವುದಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮುಂಜಾಗ್ರತಾ ತಪಾಸಣೆಗೆ ಕೊಟ್ಟ ಹಣದಲ್ಲಿ ವರ್ಷಕ್ಕೆ 5,000 ರೂಪಾಯಿಯ ವರೆಗೆ ಆದಾಯ ತೆರಿಗೆಯ ಕಡಿತಕ್ಕೆ ತೋರಿಸಬಹುದು, ರಸೀತಿ ಇಟ್ಟುಕೊಳ್ಳಿ. ಪ್ಯಾಕೇಜಿಗೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ, ಅದೂ ರಕ್ತ ತೆಗೆದ ಹುಡುಗನ ಕೈಗಾಗಿ. ನೆಲಮಾಳಿಗೆಗೆ ಐದು. ಮುಂದಿನ ವರ್ಷ ನಾವು ಬೇಕಾದ ಆರೇಳು ರಕ್ತಪರೀಕ್ಷೆಗಳನ್ನು ಮನೆಯ ಹತ್ತಿರದ ಲ್ಯಾಬಿನಲ್ಲಿ ಮಾಡಿಸಿಕೊಂಡು ಅಲ್ಲಿಗೆ ನೇರವಾಗಿ ಇಳಿಯುತ್ತೇವೆ. ಕೌಂಟರಿನಲ್ಲಿ ಪ್ಯಾಕೇಜು ಇಲ್ಲದೆ ಅದೊಂದನ್ನೇ ಕೊಡಲಾಗದು ಎನ್ನುತ್ತಾರೆ. ಹೊರರೋಗಿ ಚೀಟಿ ಮಾಡಿಸಿ ಹಿರಿಯರ ವಿಭಾಗ ಎಂದು ಕೇಳಿದರೆ ಕೊಡುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಬೆಳಗ್ಗೆ ಹತ್ತರಿಂದ ಒಂದರವರೆಗೆ. ಬಿಪಿ ಮಾತ್ರೆ ನುಂಗಿಯೇ ಹೋಗಿ. ಜಾರುವ ಹವಾಯಿ ಚಪ್ಪಲಿ ಬೇಡ, ಹಿಂಬದಿ ಪಟ್ಟಿಯಿರುವುದನ್ನು ಹಾಕಿಸಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಳ್ಳಿ, ಸೆರಗಿನ ಗಂಟಿನಲ್ಲಿರುವುದನ್ನೂ ಸೇರಿಸಿ.